ಮೂರನೇ ಸಾಲಿನ ಕಾಯಿಲೆ

ಎಲ್ಲಿಗೆ ಹೊರಟಿರಿ, ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿಬಿಟ್ಟು ಹೋಗಿ. ಅರ್ಧ ಕೇಳಿಸಿಕೊಂಡು ಎದ್ದು ಹೋದವರಿಂದಲೇ ಇಷ್ಟೆಲ್ಲ ಆಗಿದ್ದು. ಆ ಪಟ್ಟಿಗೆ ನೀವೂ ಸೇರುವುದು ಬೇಡ.

ಕನ್ನಡಕದಣ್ಣ ಅಂತ ಒಬ್ಬ. ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ. ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ತಿರುಗಿಸುವವನು, ಬಿಟ್ಟ ಉಸಿರಿಗೆ ಸ್ಕ್ರೂ ಹಾರಿಹೋದೀತು ಅಂತ ಮಾತು ಕೂಡ ಕಡಿಮೆ. ಎತ್ತರ ಮಾತ್ರ ಆರಡಿ ಮೂರಂಗುಲ. ಈ ಎತ್ತರದಿಂದಲೇ ಅವನು ಕಲಾವಿದನಾದದ್ದು. ಹನ್ನೊಂದು ವರ್ಷದ ಹಿಂದೆ ಊರಿನ ಸಂಗೀತ ನಾಟಕ ಮಂಡಳಿಯವರಿಗೆ ಕೋರಸ್ಸಿನ ಮೂರನೇ ಸಾಲಿಗೆ ಉದ್ದದ ಗಂಡಸರು ಬೇಕಾಗಿದ್ದರು. ಮುಂದೆ ನಿಂತವರ ತಲೆ ಮೇಲಿಂದ ಮುಖ ಕಾಣಬೇಕಲ್ಲ. ಕನ್ನಡಕದಣ್ಣನ ಮುಖ ಚೆನ್ನಾಗಿ ಕಂಡಿತು. ಆಮೇಲೆ ಪಿಯಾನೋ ನುಡಿಸುವ ಮುದುಕರು ಒಂದು ಸಾಲು ಹಾಡಿಸಿ ನೋಡಿದರು. ಹಾಡು ಮುಗಿದ ಮೇಲೆ ಪಿಯಾನೋದ ಮುಚ್ಚಳ ನಿಧಾನವಾಗಿ ಹಾಕಿ, ಕರವಸ್ತ್ರದಿಂದ ಮುಖ ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದರು:

“ನಿಮ್ಮ ಎತ್ತರ ತುಂಬಾ ಚೆನ್ನಾಗಿದೆ. ಬಾಯಿ ಆಡಿಸಿ, ಸಾಕು.”

ಅವತ್ತಿನಿಂದ ಹನ್ನೊಂದು ವರ್ಷ, ಒಂಬತ್ತು ನಾಟಕ, ಕನ್ನಡಕದಣ್ಣ ಬಾಯಿ ಆಡಿಸಿದ. ಹಾಗೆ ಆಡಿಸುವುದರಲ್ಲಿ ಅವನಷ್ಟು ಪಳಗಿದವರು ಮಂಡಳಿಯಲ್ಲಿ ಇನ್ನೊಬ್ಬರಿರಲಿಲ್ಲ. ನಿಜವಾಗಿ ಹಾಡುವವರು ಉಸಿರು ತಗೊಳ್ಳಲು ಆಗಾಗ ಬಾಯಿ ಮುಚ್ಚಬೇಕು, ಇವನಿಗೆ ಆ ತಾಪತ್ರಯವೂ ಇಲ್ಲ. ಪಿಯಾನೋದ ಮುದುಕರು ಕಾಲವಾದರು. ಗುಟ್ಟು ಅವರ ಜೊತೆಗೇ ಹೋಯಿತು.

ಅವನ ಹೆಂಡತಿ ಗ್ರಂಥಾಲಯದ ಕೌಂಟರಿನಲ್ಲಿ ಕೂರುವವಳು. ಮದುವೆಗೆ ಮುಂಚೆ ಅವನನ್ನು ಮೊದಲು ನೋಡಿದ್ದು ರಂಗದ ಮೇಲೆ. ಇಷ್ಟಗಲ ಬಾಯಿ ತೆರೆದು ಹಾಡೋ ಮನುಷ್ಯ ಹೊಟ್ಟೆಯೊಳಗೆ ಏನೂ ಬಚ್ಚಿಟ್ಟುಕೊಂಡಿರಲ್ಲ ಅಂತ ಮನೆಯಲ್ಲಿ ಹೇಳಿ ಒಪ್ಪಿಸಿದ್ದಳು. ಮದುವೆಯಾದ ಮೇಲೆ ಪ್ರತಿ ನಾಟಕಕ್ಕೂ ಅಣ್ಣಂದಿರನ್ನು, ಅತ್ತಿಗೆಯರನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರುವಳು. ಪರದೆ ಬಿದ್ದ ತಕ್ಷಣ ಅವರ ಕಡೆ ತಿರುಗುವಳು.

“ನಲವತ್ತು ಜನ ಹಾಡ್ಲಿ, ನಮ್ಮವರ ಧ್ವನಿ ನಂಗೆ ಬೇರೇನೇ ಕೇಳ್ಸತ್ತೆ.”

ಅಣ್ಣಂದಿರು ತಲೆದೂಗುವರು. ಅವರಿಗೂ ಕೇಳಿಸುತ್ತಿತ್ತೋ ಏನೋ. ಕನ್ನಡಕದಣ್ಣ ಮಾತ್ರ ಆ ಮಾತು ಬಂದಾಗಲೆಲ್ಲ ಬೂಟಿನ ದಾರ ಕಟ್ಟಲು ಬಗ್ಗುತ್ತಿದ್ದ. ಮನೆಯಲ್ಲಿ ಒಂದು ಸಾಲು ಹಾಡಿ ಅಂದರೆ, ಮೂರನೇ ಸಾಲಿನವರು ಧ್ವನಿ ಉಳಿಸಿಕೊಳ್ಳಬೇಕು ಅನ್ನುತ್ತಿದ್ದ. ಹೀಗೆ ಸಂಸಾರ ಸುಖವಾಗಿ ಸಾಗಿತ್ತು.

ಈಗ ಮಂಡಳಿಯ ನಾಟಕಗಳಿಗೆಲ್ಲ ರಾಗ ಹಾಕಿಕೊಟ್ಟ ಸಂಗೀತದ ಮೇಷ್ಟ್ರಿಗೆ ಎಂಬತ್ತು ತುಂಬಿತು. ಅವರ ಗೌರವಕ್ಕೆ ಒಂದು ಗಾನಸಂಜೆ ಮಾಡಬೇಕು, ಬಂದ ದುಡ್ಡನ್ನು ನಾಟಕಕ್ಕೆ ದುಡಿದು ಈಗ ಹಾಸಿಗೆ ಹಿಡಿದಿರುವ ಮುದುಕರ ಚಿಕಿತ್ಸೆಗೆ ಕೊಡಬೇಕು ಅಂತ ತೀರ್ಮಾನವಾಯಿತು. ಆದರೆ ರಂಗಮಂದಿರದ ಸೂರು ಬಿಚ್ಚಿ ರಿಪೇರಿಗೆ ಹಾಕಿದ್ದರು, ಹಾಡುವವರು ಹತ್ತು ಊರಿಗೆ ಚದುರಿದ್ದರು. ಆದ್ದರಿಂದ ಎಲ್ಲವೂ ಆನ್‌ಲೈನ್. ಕೋರಸ್ಸಿನ ಮೇಡಂ ಎಲ್ಲರಿಗೂ ನಿಯಮ ಕಳಿಸಿದರು. ಬಿಳಿ ಅಂಗಿ ಹಾಕಿ, ಖಾಲಿ ಗೋಡೆ ಮುಂದೆ ನಿಂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅದರಲ್ಲಿ ಬರುವ ಸಂಗೀತ ಕೇಳುತ್ತಾ ನಿಮ್ಮ ನಿಮ್ಮ ಪಾಲಿನದನ್ನು ಮಾತ್ರ ಹಾಡಿ ಫೋನಿನಲ್ಲಿ ಹಿಡಿದು ಕಳಿಸಿ. ಶುರುವಿಗೆ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಎಲ್ಲರನ್ನೂ ಜೋಡಿಸಲು ಗುರುತು ಬೇಕು.

ನಿಮ್ಮ ನಿಮ್ಮ ಪಾಲಿನದನ್ನು ಮಾತ್ರ ಅನ್ನುವುದನ್ನು ಕನ್ನಡಕದಣ್ಣ ಮೂರು ಸಲ ಓದಿದ. ಆಮೇಲೆ ಬಿಳಿ ಅಂಗಿ ಹಾಕಿಕೊಂಡು, ಚಪ್ಪಾಳೆ ತಟ್ಟಿ, ಹನ್ನೊಂದು ವರ್ಷದ ಅನುಭವವನ್ನೆಲ್ಲ ಬಳಸಿ ಅತ್ಯುತ್ತಮವಾಗಿ ಬಾಯಿ ಆಡಿಸಿ ಕಳಿಸಿದ.

ಸಂಜೆ ಮೇಡಂ ಫೋನ್ ಮಾಡಿದರು. ಬಾಯಿ ಬಂದಿದೆ, ಧ್ವನಿ ಬಂದಿಲ್ಲ ಅಂದರು. ಇವನು ತಪ್ಪನ್ನು ಫೋನಿನ ಮೇಲೆ ಹಾಕಿದ. ಚಪ್ಪಾಳೆ ಚೆನ್ನಾಗಿ ಕೇಳಿಸಿದೆಯಲ್ಲ ಅಂದರು ಮೇಡಂ. ಗುರುವಾರದೊಳಗೆ ಧ್ವನಿ ಬರದಿದ್ದರೆ ನಿಮ್ಮ ಜಾಗದಲ್ಲಿ ಕಪ್ಪು ಚೌಕ ಇಡಬೇಕಾಗುತ್ತದೆ ಅಂತಲೂ ಅಂದರು.

ಕಪ್ಪು ಚೌಕ ಇಡುವ ಹಾಗಿರಲಿಲ್ಲ. ಯಾಕೆಂದರೆ ಮೇಡಂ ಒಬ್ಬೊಬ್ಬ ಕಲಾವಿದರಿಗೂ ನೆಂಟರಿಷ್ಟರಿಗೆ ಕಳಿಸಲಿ ಅಂತ ಅವರವರದೇ ಫೋಟೋ ನಡುವೆ ಹಾಕಿದ ಪೋಸ್ಟರ್ ಮಾಡಿಕೊಟ್ಟಿದ್ದರು, ಮತ್ತು ಹೆಂಡತಿ ಅದನ್ನು ಆಗಲೇ ತವರಿನ ಕಡೆಯ ಎಲ್ಲರಿಗೂ, ಓಣಿಯ ಎಲ್ಲರಿಗೂ ಕಳಿಸಿಯಾಗಿತ್ತು. ನಡುವೆ ಕನ್ನಡಕದಣ್ಣನ ಮುಖ. ಅಂಗಡಿಯ ಗುರುತಿನ ಚೀಟಿಯಿಂದ ತೆಗೆದದ್ದು. ಗುರುತಿನ ಚೀಟಿಯ ಫೋಟೋದಲ್ಲಿ ಯಾರಿಗೂ ಆರೋಗ್ಯ ಇರುವುದಿಲ್ಲ, ಇವನಿಗೂ ಇರಲಿಲ್ಲ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ “ಹಾಸಿಗೆ ಹಿಡಿದವರ ಚಿಕಿತ್ಸೆಗಾಗಿ ಗಾನಸಂಜೆ. ನೆರವಾಗಿ.” ಈ ಪೋಸ್ಟರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಮಂಗಳವಾರ ಅಂಗಡಿಗೆ ರಜೆ, ಹೆಂಡತಿ ಗ್ರಂಥಾಲಯಕ್ಕೆ ಹೋಗಿದ್ದಳು. ಕನ್ನಡಕದಣ್ಣ ಬೀದಿಯ ಸದ್ದು ಒಳಗೆ ಬರದ ಹಾಗೆ ಕಿಟಕಿಗೆ ಎರಡು ಕಂಬಳಿ, ಬಾಗಿಲಿಗೆ ಒಂದು ಕಂಬಳಿ ಹೊದಿಸಿದ. ಹೊದಿಸುವ ಮುಂಚೆ ಮೂರನ್ನೂ ಬಿಸಿಲಲ್ಲಿ ಕೊಡವಲು ತಾರಸಿಗೆ ಹೊತ್ತುಕೊಂಡು ಹೋಗಿದ್ದನ್ನು ಕೆಳಮನೆಯ ಓನರಮ್ಮ ನೋಡಿದರು. ಬೆವರು ಕಿತ್ತು ಬರುವ ಈ ಸೆಕೆಯಲ್ಲಿ ಮೂರು ಕಂಬಳಿ ಯಾರಿಗೆ ಬೇಕು ಅಂತ ಅವರಿಗೆ ಸಣ್ಣದೊಂದು ಹುಳ ಹೊಕ್ಕಿತು.

ಹಾಡಿನ ವಿಷಯ ಹೇಳಿಬಿಡುತ್ತೇನೆ. ಮುದಿ ಹಡಗೊಂದರ ಕೊನೆಯ ಪ್ರಯಾಣದ ಹಾಡು ಅದು. ಮೊದಲನೇ ಸಾಲಿನವರಿಗೆ ಪದಗಳೆಲ್ಲ ಇವೆ, ಎರಡನೇ ಸಾಲಿನವರಿಗೆ ಪಲ್ಲವಿ ಇದೆ. ಮೂರನೇ ಸಾಲಿನವರಿಗೆ ಪದವೇ ಇಲ್ಲ. ಮುಕ್ಕಾಲು ನಿಮಿಷ ಸುಮ್ಮನಿದ್ದು, ಆಮೇಲೆ ತೀರ ಕೆಳಗಿನ ಸ್ವರದಲ್ಲಿ ಎಂಟೆಣಿಕೆ ‘ಓ’ ಅನ್ನಬೇಕು. ಮತ್ತೆ ಅರ್ಧ ನಿಮಿಷ ಸುಮ್ಮನಿರಬೇಕು. ಮತ್ತೆ ‘ಓ’. ಒಟ್ಟು ಏಳು ಓ. ಕನ್ನಡಕದಣ್ಣನ ಕಿವಿಯೊಳಗೆ ಪಿಟೀಲು, ಕೊಳಲು, ಇಡೀ ಸಮುದ್ರವೇ ಇತ್ತು. ಗೋಡೆಯಾಚೆ ಇದ್ದವರಿಗೆ ಕೇಳಿಸಿದ್ದು ಒಂದು ಏಟು, ಬಹಳ ಹೊತ್ತು ಮೌನ, ಆಮೇಲೆ ಒಬ್ಬ ಗಂಡಸಿನ ದೀರ್ಘವಾದ ಓ.

ಇದು ಹತ್ತೊಂಬತ್ತು ಸಲ ನಡೆಯಿತು.

ಪಕ್ಕದ ಮನೆಯಲ್ಲಿ ನಿವೃತ್ತ ಟಿಕೆಟ್ ಕಲೆಕ್ಟರು ಒಬ್ಬರಿದ್ದರು, ಟೀಸಿ ಅಂತಲೇ ಓಣಿಯಲ್ಲಿ ಹೆಸರು. ಪುರಾವೆ ಇಲ್ಲದೆ ಯಾವುದನ್ನೂ ನಂಬುವವರಲ್ಲ. ಓನರಮ್ಮ ಓಡಿಬಂದು, ಮೇಲೆ ಗಂಡ ಹೆಂಡತಿ ಹೊಡೆದಾಡುತ್ತಿದ್ದಾರೆ, ಅವಳು ಒಂದು ಬಿಡ್ತಾಳೆ, ಅವನು ನರಳ್ತಾನೆ ಅಂದಾಗ ಟೀಸಿ ಒಪ್ಪಲಿಲ್ಲ. ಹಳೇ ಪತ್ರಿಕೆಯ ಅಂಚಿನಲ್ಲಿ ತಾವು ಬರೆದಿಟ್ಟುಕೊಂಡಿದ್ದನ್ನು ತೋರಿಸಿದರು. ಎರಡು ಹತ್ತಕ್ಕೆ ಏಟು, ಎರಡು ಹನ್ನೊಂದಕ್ಕೆ ನರಳಾಟ, ಎರಡು ಹದಿನೇಳಕ್ಕೆ ಏಟು, ಎರಡು ಹದಿನೆಂಟಕ್ಕೆ ನರಳಾಟ. ಹೆಂಡತಿ ಒಂಬತ್ತೂವರೆಗೇ ಕೆಲಸಕ್ಕೆ ಹೋಗಿದ್ದನ್ನು ಸ್ವತಃ ಕಂಡಿದ್ದಾರೆ. ಅಂದಮೇಲೆ ಹೊಡೆದುಕೊಳ್ಳುತ್ತಿರುವುದು ಅವನೇ. ನೋವು ತಡೆಯಲಾರದೆ ಹಣೆ ಹಣೆ ಚಚ್ಚಿಕೊಂಡು ಆಮೇಲೆ ನರಳುತ್ತಿದ್ದಾನೆ. ನೋವು ಅಲೆ ಅಲೆಯಾಗಿ ಬರುತ್ತಿದೆ, ಏಳೇಳು ನಿಮಿಷಕ್ಕೊಮ್ಮೆ, ರೈಲಿಗಿಂತ ನಿಯತ್ತಾಗಿ.

ಓನರಮ್ಮನಿಗೆ ಆಗ ಕಂಬಳಿ ನೆನಪಾಯಿತು. ಟೀಸಿಗೆ ಪೋಸ್ಟರ್ ನೆನಪಾಯಿತು. ಫೋನ್ ತೆಗೆದು ಮುಖ ನೋಡಿದರು, ಕೆಳಗಿನ ದಪ್ಪ ಅಕ್ಷರ ನೋಡಿದರು, ಕನ್ನಡಕ ತೆಗೆದು ಒರೆಸಿದರು.

“ಪಾಪ,” ಅಂದರು. “ಊರಿಗೂರೇ ಸೇರಿ ಹಾಡ್ತಿರೋದು ಇವನಿಗೋಸ್ಕರ. ನಮಗೇ ಗೊತ್ತಿಲ್ಲ ನೋಡಿ.”

ಸೂಪು, ಬ್ರೆಡ್ಡು ಹಿಡಿದುಕೊಂಡು ಇಬ್ಬರೂ ಬಾಗಿಲು ತಟ್ಟಿದಾಗ ಕನ್ನಡಕದಣ್ಣ ಹತ್ತೊಂಬತ್ತನೆಯದನ್ನು ಆಗಷ್ಟೇ ಮೇಡಂಗೆ ಕಳಿಸಿ ಮುಗಿಸಿದ್ದ. ಮೂರು ಕಂಬಳಿಯ ಶಾಖದಲ್ಲಿ ಬೆಂದು, ಬಿಳಿ ಅಂಗಿ ಮೈಗೆ ಅಂಟಿ, ಗಂಟಲು ಕಟ್ಟಿ, ಬಾಗಿಲ ಚೌಕಟ್ಟು ಹಿಡಿದು ನಿಂತ. ಏನಾಗಿದೆ ಅಂತ ಕೇಳಿದರು. ಹಾಡುತ್ತಿದ್ದೆ ಅನ್ನಲು ಬಾಯಿ ತೆರೆದ. ತೆರೆಯುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ. ಅಷ್ಟರಲ್ಲಿ ಓನರಮ್ಮ ಕಣ್ಣೊರೆಸಿಕೊಂಡು ಅಂದರು:

“ಆ ನರಳಾಟ ಕೇಳಿ ನನ್ನ ಕರುಳು ಕಿವುಚಿ ಬಂತಪ್ಪ. ಸಾಯೋ ಎತ್ತೂ ಹಾಗೆ ಕೂಗಲ್ಲ.”

ಈಗ ನೋಡಿ ಪೇಚು. ಅದು ಹಾಡು ಅಂದರೆ ಸಂಜೆ ಆರಕ್ಕೆ ಹೆಂಡತಿ ಮೆಟ್ಟಿಲು ಹತ್ತುವ ಮುಂಚೆಯೇ ಓನರಮ್ಮ ಅವಳಿಗೆ ಎತ್ತಿನ ವಿಷಯ ಹೇಳುತ್ತಾರೆ. ಬೇರೆಯಾಗಿ ಕೇಳಿಸುತ್ತಿದ್ದ ಧ್ವನಿ ಇದೇ ಅಂತ ಅವಳಿಗೆ ಗೊತ್ತಾಗುತ್ತದೆ, ಅವಳ ಅಣ್ಣಂದಿರಿಗೂ ಗೊತ್ತಾಗುತ್ತದೆ. ಕನ್ನಡಕದಣ್ಣ ತೆರೆದ ಬಾಯಿಗೆ ಸಿಕ್ಕಿದ ಮಾತನ್ನು ಆಡಿದ.

“ಸ್ವಲ್ಪ ಹೊಟ್ಟೆ.”

ಅಷ್ಟೇ. ಎರಡೇ ಪದ. ಆದರೆ ಆ ಹೊಟ್ಟೆ ಮೆಟ್ಟಿಲಿಳಿಯುವಷ್ಟರಲ್ಲಿ ಕರುಳಾಗಿತ್ತು, ಓಣಿಯ ತಿರುವಿನಲ್ಲಿ ಕರುಳಿನ ಗಂಟಾಗಿತ್ತು, ಕನ್ನಡಕದಂಗಡಿಯ ಯಜಮಾನರಿಗೆ ತಲುಪುವಾಗ ಎರಡು ಆಪರೇಷನ್ ಆಗಿ ಮೂರನೆಯದಕ್ಕೆ ವೈದ್ಯರು ಕೈಚೆಲ್ಲಿದ್ದರು. ಯಜಮಾನರು ವಾರದ ರಜೆ ಕೊಟ್ಟು, ಇಂಥ ಸ್ಥಿತಿಯಲ್ಲೂ ಸೋಮವಾರ ಹನ್ನೆರಡು ಫ್ರೇಮಿಗೆ ಗಾಜು ಕೂರಿಸಿದ ಅಂತ ಗಿರಾಕಿಗಳಿಗೆ ಹೇಳಿದರು.

ಹೆಂಡತಿ ಬಂದಾಗ ಮನೆ ತುಂಬ ಕಿತ್ತಳೆ ಹಣ್ಣು. ಏನೂ ಇಲ್ಲ ಕಣೇ, ಇವರೆಲ್ಲ ಇಲ್ಲದ್ದು ಹಚ್ಚಿಕೊಂಡಿದ್ದಾರೆ ಅಂದ ಕನ್ನಡಕದಣ್ಣ. ಗಂಟಲು ಕಟ್ಟಿದ್ದರಿಂದ ಆ ಮಾತು ಸಾಯುವವನು ಧೈರ್ಯ ಹೇಳಿದ ಹಾಗೆ ಕೇಳಿಸಿತು. ಅವಳು ಅಡಿಗೆಮನೆಗೆ ಹೋಗಿ ಅತ್ತು, ಮುಖ ತೊಳೆದು, ಅಣ್ಣನಿಗೆ ಫೋನ್ ಮಾಡಿದಳು.

ಅಣ್ಣ ಅಂದರೆ ಕಾಂಪೌಂಡರ್ ಭಾವ. ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಔಷಧಿ ಕಟ್ಟಿಕೊಟ್ಟವರು. ಮನೆಯವರೆಲ್ಲ ಅವರನ್ನು ಡಾಕ್ಟರೆಂದೇ ಲೆಕ್ಕ ಹಾಕಿದ್ದರು, ಅವರೂ ಅಡ್ಡಿ ಮಾಡಿರಲಿಲ್ಲ. ಮಾರನೇ ದಿನ ಬಸ್ಸಿಳಿದು ಬಂದವರು ಕನ್ನಡಕದಣ್ಣನ ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿದರು. ನೋಯುತ್ತಾ ಅಂದರು. ಇಲ್ಲ ಅಂದ. ಅವರ ಮುಖ ಗಂಭೀರವಾಯಿತು. ನೋವೇ ಗೊತ್ತಾಗದಷ್ಟು ಮುಂದೆ ಹೋಗಿದೆ ಅಂತ ತಂಗಿಗೆ ಪಕ್ಕದ ಕೋಣೆಯಲ್ಲಿ ಹೇಳಿದರು. ಗೋಡೆ ತೆಳ್ಳಗಿದ್ದದ್ದರಿಂದ ರೋಗಿಗೂ ಗೊತ್ತಾಯಿತು, ಟೀಸಿಗೂ ಗೊತ್ತಾಯಿತು.

ಭಾನುವಾರ ಸಂಜೆ ಐದಕ್ಕೆ ಗಾನಸಂಜೆ. ಮಂಚವನ್ನೇ ಹಜಾರಕ್ಕೆ ತಂದು ಟೀವಿಯ ಎದುರು ಹಾಕಿದರು. ಮಂಚದ ಮೇಲೆ ಕನ್ನಡಕದಣ್ಣ, ಬಾಯಲ್ಲಿ ಥರ್ಮಾಮೀಟರು, ಕಾಲು ಮಂಚದಿಂದ ಆಚೆ. ತಲೆಯ ಹತ್ತಿರ ಹೆಂಡತಿ, ಕೈ ಹತ್ತಿರ ನಾಡಿ ಹಿಡಿದ ಭಾವ, ಸುತ್ತ ಅತ್ತಿಗೆಯರು, ಓನರಮ್ಮ, ಅಂಗಡಿಯ ಯಜಮಾನರು. ಟೀಸಿ ಬಾಗಿಲಲ್ಲಿ ನಿಂತು ಒಳಗೆ ಬರುವವರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಿದ್ದರು. ಹೆಂಡತಿ ಎಲ್ಲರಿಗೂ ಕೇಳಿಸುವ ಹಾಗೆ, ಇಂಥಾ ನೋವಿನಲ್ಲೂ ಹಾಡಿ ಕಳಿಸಿದ್ದಾರೆ, ಇವತ್ತು ಕಿವಿಗೊಟ್ಟು ಕೇಳಿ, ನಿಮಗೂ ಬೇರೆಯಾಗೇ ಕೇಳಿಸುತ್ತೆ ಅಂದಳು. ಥರ್ಮಾಮೀಟರು ಸ್ವಲ್ಪ ಅಲುಗಿತು.

ಟೀವಿಯಲ್ಲಿ ಚೌಕ ಚೌಕವಾಗಿ ಮುಖಗಳು ಬಂದವು. ಮೇಲಿನ ದೊಡ್ಡ ಚೌಕದಲ್ಲಿ ಮೇಷ್ಟ್ರು, ತಮ್ಮ ಮನೆಯ ಆರಾಮ ಕುರ್ಚಿಯಲ್ಲಿ, ತೊಡೆ ಮೇಲೆ ಶಾಲು ಹೊದ್ದು. ಹಡಗಿನ ಹಾಡು ಶುರುವಾಯಿತು. ಮೂವತ್ತೆರಡು ಬಾಯಿ, ಎಲ್ಲ ಬೆರೆತ ಸದ್ದು. ಯಾರದ್ದು ಯಾವುದು ಅಂತ ದೇವರಿಗೇ ಗೊತ್ತು. ಹೆಂಡತಿ ಅಣ್ಣನ ಕಡೆ ನೋಡಿ ತಲೆಯಾಡಿಸಿದಳು, ಅಣ್ಣ ತಲೆಯಾಡಿಸಿದರು, ಕನ್ನಡಕದಣ್ಣ ಉಸಿರು ಬಿಟ್ಟ. ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮನ್ನು ಕೂರಿಸಿಕೊಳ್ಳುತ್ತಲೇ ಇರಲಿಲ್ಲ.

ಮೇಷ್ಟ್ರು ಕೈ ಎತ್ತಿದರು. ತಾಲೀಮಿನಲ್ಲಿ ಅವರದೊಂದು ಪದ್ಧತಿ, ಸಾಲು ಸಾಲಾಗಿ ಬಿಡಿಸಿ ಕೇಳುವುದು. ಎಂಬತ್ತಾದರೂ, ಟೀವಿಯೊಳಗಿದ್ದರೂ ಬಿಡಲಿಲ್ಲ. ಮೂರನೇ ಸಾಲು ಒಂದೇ ಹಾಕಿ ಅಂದರು. ಮೇಡಂ ಸ್ವಲ್ಪ ತಡವರಿಸಿದರು. ಮೂರನೇ ಸಾಲಿನ ಎಂಟು ಜನರಲ್ಲಿ ಏಳು ಜನರದ್ದು ಉಪಯೋಗಕ್ಕೆ ಬಂದಿರಲಿಲ್ಲ ಅನ್ನುವುದು ಅವರಿಗೊಬ್ಬರಿಗೇ ಗೊತ್ತು. ಒಬ್ಬರದ್ದರಲ್ಲಿ ನಾಯಿ ಬೊಗಳಿತ್ತು, ಒಬ್ಬರು ಇಯರ್‌ಫೋನ್ ಮರೆತಿದ್ದರು, ಉಳಿದವರು ನಾಳೆ ಕಳಿಸ್ತೀವಿ ಅಂದವರು ಇನ್ನೂ ಅನ್ನುತ್ತಲೇ ಇದ್ದರು. ಮೂರನೇ ಸಾಲು ಅಂದರೆ ಒಂದೇ ಚೌಕ. ಆ ಚೌಕ ಟೀವಿಯ ತುಂಬ ಬಂತು.

ಒಂದು ಚಪ್ಪಾಳೆ. ಮುಕ್ಕಾಲು ನಿಮಿಷ ಮೌನ. ಆಮೇಲೆ,

ಓ…

ಟೀಸಿ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡರು. ಇದು ಆವತ್ತಿನದೇ ನರಳಾಟವಲ್ಲವೇ ಅಂತ ಓನರಮ್ಮ ಮೆಲ್ಲಗೆ ಕೇಳಿದರು. ಯಜಮಾನರು ಕಿತ್ತಳೆಯ ತೊಳೆ ಬಾಯಿಗಿಡಲು ಎತ್ತಿದವರು ಹಾಗೇ ಕೆಳಗಿಟ್ಟರು. ಏಳೂ ಓ ಆಗುವವರೆಗೆ ಹೆಂಡತಿ ಕಂಬಳಿಯ ಅಂಚನ್ನು ಮಡಚುತ್ತಾ ಇದ್ದಳು.

ಮೇಷ್ಟ್ರು ಶಾಲಿನಿಂದ ಕಣ್ಣೊರೆಸಿಕೊಂಡರು.

“ಹಡಗಿನ ಹಲಗೆ ಮುರಿಯೋ ಸದ್ದು ಅದು,” ಅಂದರು. “ನಲವತ್ತು ವರ್ಷದಿಂದ ಹೇಳ್ತಾ ಇದೀನಿ, ಇಂಪಾಗಿ ಹಾಡ್ಬೇಡಿ ಅಂತ. ಒಬ್ಬರೂ ಕೇಳ್ಲಿಲ್ಲ. ಯಾರಪ್ಪ ಇವರು?”

ಮೇಡಂ ಹೇಳಿದರು. ಹನ್ನೊಂದು ವರ್ಷದಿಂದ ನಮ್ಮಲ್ಲೇ ಇದ್ದಾರೆ ಅಂತಲೂ ಸೇರಿಸಿದರು. ಮೇಷ್ಟ್ರು ಒಪ್ಪಲಿಲ್ಲ. ಇಂಥ ಧ್ವನಿ ಹನ್ನೊಂದು ವರ್ಷ ಇದ್ದಿದ್ದರೆ ನನಗೆ ಕೇಳಿಸಬೇಕಿತ್ತು, ಒಂದು ದಿನವೂ ಕೇಳಿಲ್ಲ, ಅವರನ್ನೇ ಕರೀರಿ, ಕೇಳೋಣ ಅಂದರು. ಹಾಸಿಗೆಯ ಮೇಲಿದ್ದ ಫೋನು ಹೊಡೆದುಕೊಂಡಿತು. ಭಾವ ನಾಡಿ ಬಿಟ್ಟು ಅದನ್ನೆತ್ತಿ ಕನ್ನಡಕದಣ್ಣನ ಮುಖದೆದುರು ಹಿಡಿದರು. ಟೀವಿಯಲ್ಲಿ ಈಗ ಥರ್ಮಾಮೀಟರು ಕಚ್ಚಿದ ಅವನ ಮುಖ.

ಆಮೇಲೆ ಭಾವ ತಂಗಿಯ ಕಡೆ ತಿರುಗಿದರು. ಅವರಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ.

“ಮೇಷ್ಟ್ರಿಗೇ ಕೇಳಿಸಿಲ್ವಂತೆ. ನಿಂಗೆ ಬೇರೇನೇ ಕೇಳಿಸ್ತಿತ್ತು ಅಂತಿದ್ಯಲ್ಲೇ?”

ಅತ್ತಿಗೆಯರೆಲ್ಲ ಅವಳನ್ನು ನೋಡಿದರು. ಅವಳು ಕಂಬಳಿಯನ್ನು ಇನ್ನು ಮಡಚಲು ಆಗದಷ್ಟು ಮಡಚಿಯಾಗಿತ್ತು. ತಲೆ ಎತ್ತಿ ಗಂಡನನ್ನು ನೋಡಿದಳು. ಹೇಳಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ, ಬರೀ ನೋಡಿದಳು.

ನಿಜ ಹೇಳಿದರೆ ಮೇಷ್ಟ್ರು ಮೆಚ್ಚಿದ್ದು ಉಳಿಯುತ್ತದೆ, ಕಾಯಿಲೆ ಹೋಗುತ್ತದೆ, ಆಸ್ಪತ್ರೆ ತಪ್ಪುತ್ತದೆ. ಆದರೆ ಹನ್ನೊಂದು ವರ್ಷ ಬಾಯಿ ಮಾತ್ರ ಆಡಿಸಿದೆ ಅಂದ ಕ್ಷಣದಲ್ಲೇ, ಅಷ್ಟೂ ನಾಟಕಗಳಲ್ಲಿ ಮುಂದಿನ ಸಾಲಲ್ಲಿ ಕೂತು ಇಲ್ಲದ ಧ್ವನಿ ಕೇಳಿಸಿಕೊಂಡವಳು ತವರಿನವರ ನಡುವೆ ನಗೆಪಾಟಲಾಗುತ್ತಾಳೆ. ಕನ್ನಡಕದಣ್ಣ ಥರ್ಮಾಮೀಟರು ತೆಗೆದ.

“ಮೇಷ್ಟ್ರೇ, ಮೊದಲು ನನ್ನ ಧ್ವನಿ ಹೀಗಿರ್ಲಿಲ್ಲ. ಬಹಳ ತೆಳು. ಮುಂದಿನ ಸಾಲಲ್ಲಿ ಕೂತು, ಮನಸ್ಸಿಟ್ಟು ಕೇಳೋರಿಗೆ ಮಾತ್ರ ಕೇಳಿಸೋದು. ಇದು ಈ ಕಾಯಿಲೆ ಬಂದ ಮೇಲೆ ಬಂದಿದ್ದು.”

“ಹೌದು,” ಅಂದಳು ಹೆಂಡತಿ, ಸ್ವಲ್ಪ ಬೇಗನೇ. “ಜೇನಿನ ಎಳೆ ಇದ್ದಂಗಿತ್ತು.”

ಅತ್ತಿಗೆಯರು ನಿಟ್ಟುಸಿರು ಬಿಟ್ಟರು. ತಮಗೂ ಹಾಗೇ ಅನ್ನಿಸುತ್ತಿತ್ತು ಅಂದರು ದೊಡ್ಡತ್ತಿಗೆ. ಟೀಸಿ, ಪುರಾವೆ ಸರಿಹೊಂದುತ್ತದೆ ಅಂದರು.

ಮೇಷ್ಟ್ರು ಶಾಲು ಸರಿಮಾಡಿಕೊಂಡರು. ಮುಂದಿನ ತಿಂಗಳು ಸೂರು ಕೆಲಸ ಮುಗಿದ ಮೇಲೆ ಈ ಹಾಡು ಬರುವ ನಾಟಕ ರಂಗಕ್ಕೆ ಬರುತ್ತದೆ, ಆ ಹಡಗಿನ ಧ್ವನಿಗೆ ಈ ಬಾರಿ ಒಬ್ಬರೇ ಸಾಕು, ಮೂರನೇ ಸಾಲಿಂದ ಮೊದಲನೇ ಸಾಲಿಗೆ ಬಂದು ನಿಲ್ಲಿ ಅಂದರು. ಸೋಮವಾರ ಹತ್ತಕ್ಕೆ ನಮ್ಮ ಮನೆಗೆ ತಾಲೀಮಿಗೆ ಬನ್ನಿ ಅಂದರು. ಕೊನೆಗೆ ಕುರ್ಚಿಯಿಂದ ಮುಂದಕ್ಕೆ ಬಾಗಿ, ಕೇಳಬಾರದ್ದನ್ನು ಕೇಳುವವರ ದನಿಯಲ್ಲಿ ಅಂದರು:

“ತಪ್ಪು ತಿಳೀಬೇಡಿ. ಅಲ್ಲೀತನಕ ದಯವಿಟ್ಟು ಗುಣ ಆಗ್ಬೇಡಿ.”

ಭಾವ ಫೋನಿನೊಳಗೆ ಬಗ್ಗಿ, ಅದು ಆಗುವ ಮಾತಲ್ಲ, ನಮ್ಮ ಆಸ್ಪತ್ರೆಯಲ್ಲಿ ಹಾಸಿಗೆ ಹೇಳಿಯಾಗಿದೆ, ಸೋಮವಾರ ಒಂಬತ್ತಕ್ಕೆ ಗಾಡಿ ಬರುತ್ತದೆ, ಹದಿನೈದು ದಿನದಲ್ಲಿ ಹಳೇ ಧ್ವನಿ ತರಿಸಿಕೊಡುವುದು ನನ್ನ ಜವಾಬ್ದಾರಿ ಅಂದರು. ತಂಗಿಯ ಗಂಡನ ವಿಷಯ, ಅವರು ಮಾತು ಕೊಟ್ಟರೆ ಕೊಟ್ಟಂತೆ.

ಎಲ್ಲರೂ ಹೋದ ಮೇಲೆ ಹೆಂಡತಿ ಸೂಪು ಬಿಸಿ ಮಾಡಿ ತಂದಳು. ಮಂಚದ ಅಂಚಿನಲ್ಲಿ ಕೂತು ಚಮಚ ಆಡಿಸಿದಳು.

“ಅಷ್ಟು ತೆಳ್ಳಗಿತ್ತಾ ರೀ?”

“ನಿಂಗೆ ಕೇಳಿಸ್ತಿತ್ತಲ್ಲ.”

“ಹೂಂ,” ಅಂದಳು. “ಕೇಳಿಸ್ತಿತ್ತು.” ಆಮೇಲೆ ಸೂಪು ಅವನ ಕೈಗೆ ಕೊಡದೆ ತಾನೇ ಒಂದು ಚಮಚ ಕುಡಿದಳು.

ನಾಳೆ ಸೋಮವಾರ. ಒಂಬತ್ತಕ್ಕೆ ಭಾವನ ಗಾಡಿ, ಹತ್ತಕ್ಕೆ ಮೇಷ್ಟ್ರ ತಾಲೀಮು. ಗಾಡಿ ಹತ್ತಿದರೆ, ಇಲ್ಲದ ಕಾಯಿಲೆ ವಾಸಿಯಾಗಿ ಎಂದೂ ಇರದ ಜೇನಿನಂಥ ಧ್ವನಿ ಹದಿನೈದು ದಿನದಲ್ಲಿ ಬರಬೇಕು. ತಾಲೀಮಿಗೆ ಹೋದರೆ, ಜೀವಮಾನದಲ್ಲಿ ಮೊದಲ ಸಲ ರಂಗದ ಮೇಲೆ ನಿಜವಾಗಿ ಹಾಡಬಹುದು, ಆದರೆ ನಾಟಕ ಮುಗಿಯುವವರೆಗೆ ಸಾಯುತ್ತಲೇ ಇರಬೇಕು. ಕನ್ನಡಕದಣ್ಣ ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಾನೆ. ಅವಳು ಆಸ್ಪತ್ರೆಗೆ ಚೀಲ ತುಂಬಿಟ್ಟಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳುತ್ತಿಲ್ಲ.

ಪೂರ್ತಿ ಕೇಳಿದಿರಲ್ಲ, ಈಗ ನೀವೇ ಹೇಳಿ. ಆ ಮಂಚದ ಮೇಲೆ ನೀವಿದ್ದಿದ್ದರೆ ಏನು ಮಾಡ್ತಿದ್ರಿ?